ಕುದ್ರಿನಲ್ಲಿ ಹಂಚಿಹೋದ ಮಾತ್ರೆಗಳು

ಕಳೆದ ತಿಂಗಳು ಬೆಳ್ಳಾರೆ ಪೇಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಒಬ್ಬಳು ಹುಡುಗಿ ಬಂದು ನಮಸ್ಕಾರ ಮಾಡಿದಳು. ನರ್ಸಿಂಗ್ ಮುಗಿಸಿ, ನಾನು ಬಿಟ್ಟು ಬಂದ ಉಪಕೇಂದ್ರಕ್ಕೇ ಸೇರಿದ್ದಾಳಂತೆ. "ಮೇಡಂ, ಬಿಪಿ ಶುಗರ್ ನೋಡುದು, ಮಾತ್ರೆ ಕೊಡುದು, ಟ್ಯಾಬಿಗೆ ಹಾಕುದು. ಇದರಲ್ಲಿ ಕಷ್ಟ ಎಂತ ಉಂಟು?" ಎಂದು ಕೇಳಿದಳು. ಅಷ್ಟರಲ್ಲಿ ಬಸ್ಸು ಬಂತು, ನಾನು ಹತ್ತಿದೆ. ಸೀಟು ಸಿಕ್ಕಿ ಕೂತ ಮೇಲೆ ಅವಳಿಗೆ ಏನು ಹೇಳಬೇಕಿತ್ತೆಂದು ಹೊಳೆಯಿತು. ನನ್ನ ಬುದ್ಧಿ ಯಾವಾಗಲೂ ಒಂದು ಬಸ್ಸು ತಡವಾಗಿಯೇ ಬರುವುದು. ಅವತ್ತು ಹೇಳದೆ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ. ಆ ಹುಡುಗಿ ಓದದಿದ್ದರೆ ಅವಳಂಥ ಇನ್ನೊಬ್ಬಳಾದರೂ ಓದಿಯಾಳು.

ನಾನು ಯಾವ ವರ್ಷ ಸೇರಿದೆ, ಬಡ್ತಿ ಯಾವಾಗ ಬಂತು ಎಂಬುದೆಲ್ಲ ಕಚೇರಿಯವರಿಗೆ ಗೊತ್ತಿರುವ ವಿಷಯ, ಅದನ್ನು ಬಿಡುತ್ತೇನೆ. ನಾನು ಸೇರುವಾಗ ನರ್ಸ್ ಎಂದರೆ ಹೆರಿಗೆ, ಲಸಿಕೆ, ಮತ್ತು ಹೆಂಗಸರನ್ನು ಸಂತಾನ ನಿಲ್ಲಿಸುವ ಆಪರೇಷನ್ನಿಗೆ ಒಪ್ಪಿಸುವುದು, ಇಷ್ಟೇ. ಆಗ ಕಡಬ ಇನ್ನೂ ತಾಲೂಕಾಗಿರಲಿಲ್ಲ. ಏನೇ ಆಗಲಿ ಪುತ್ತೂರಿಗೆ ಓಡಬೇಕಿತ್ತು. ಬಿಪಿ, ಶುಗರ್ ಎಂದರೆ ಪೇಟೆಯವರ ಕಾಯಿಲೆ, ಅದನ್ನು ನೋಡುವುದು ಡಾಕ್ಟರರ ಕೆಲಸ ಎಂದು ನಮ್ಮಲ್ಲೇ ಮಾತಿತ್ತು. ಹಳ್ಳಿಯಲ್ಲಿ ಯಾರಿಗಾದರೂ ಲಕ್ವ ಹೊಡೆದು ಒಂದು ಕಡೆಯ ಕೈಕಾಲು ಬಿದ್ದುಹೋದರೆ ಗಾಳಿ ತಾಗಿದ್ದೆಂದು ಹೇಳಿ ಚಾಪೆ ಹಾಸಿ ಮಲಗಿಸುತ್ತಿದ್ದರು.

ಆಮೇಲೆ ಮೇಲಿನಿಂದ ಆದೇಶ ಬಂತು. ಇನ್ನು ಮುಂದೆ ಮನೆಮನೆಗೆ ಹೋಗಿ ಬಿಪಿ, ಶುಗರ್ ನೋಡುವುದು ನರ್ಸುಗಳ ಕೆಲಸ. ಮಾತ್ರೆ ತಲುಪಿಸುವುದು, ಬಿಡದೆ ತಿನ್ನುವಂತೆ ನೋಡಿಕೊಳ್ಳುವುದು ಎಲ್ಲ ನಮ್ಮದೇ. ಜ್ವರದವನಿಗೆ ಮಾತ್ರೆ ತಿನ್ನಿಸುವುದು ಸುಲಭ, ಅವನೇ ಕೈಚಾಚುತ್ತಾನೆ. ಬಿಪಿ ಇರುವವರಿಗೆ ನೋವಿಲ್ಲ, ಸುಸ್ತಿಲ್ಲ, ಗದ್ದೆಗೂ ಹೋಗುತ್ತಾರೆ, ಮದುವೆಗೂ ಹೋಗುತ್ತಾರೆ. ಅಂಥವರನ್ನು ಕೂರಿಸಿ, ನಿಮಗೆ ರೋಗವಿದೆ, ಸಾಯುವ ತನಕ ದಿನಾ ಮಾತ್ರೆ ತಿನ್ನಿ ಎಂದರೆ ನನ್ನ ತಲೆಯೇ ಸರಿ ಇಲ್ಲವೆಂಬಂತೆ ನೋಡುತ್ತಿದ್ದರು.

ನನ್ನ ಪಾಲಿಗೆ ಬಂದ ಮನೆಗಳಲ್ಲಿ ಕುದ್ರಿನ ಮನೆಗಳೂ ಇದ್ದವು. ಇಚಿಲಂಪಾಡಿಯಿಂದ ಕೆಳಗೆ ಒಂದು ಕಡೆ ಹೊಳೆ ಎರಡಾಗಿ ಒಡೆದು, ಸ್ವಲ್ಪ ದೂರ ಹೋಗಿ ಮತ್ತೆ ಕೂಡುತ್ತದೆ. ನಡುವೆ ಉಳಿದ ನೆಲವೇ ಕುದ್ರು. ಒಂದಷ್ಟು ಮನೆಗಳು, ತೆಂಗು, ತರಕಾರಿ ಸಾಲು. ಗಂಡಸರು ಈಚೆ ದಡಕ್ಕೆ ಬಂದು ರಬ್ಬರ್ ಟ್ಯಾಪಿಂಗ್ ಮಾಡುತ್ತಿದ್ದರು, ಹೆಂಗಸರು ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದರು. ಬೇಸಿಗೆಯಲ್ಲಿ ಕಾಲುಸಂಕದ ಮೇಲೆ ನಡೆದು ದಾಟಬಹುದು. ಮಳೆ ಹಿಡಿದ ಕೂಡಲೇ ಸಂಕವನ್ನು ಬಿಚ್ಚಿ ದಡಕ್ಕೆ ಎಳೆದು ಹಾಕುತ್ತಾರೆ, ಆಮೇಲೆ ಹೊನ್ನಪ್ಪಣ್ಣನ ದೋಣಿ. ಆಟಿ ತಿಂಗಳ, ಅಂದರೆ ಆಷಾಢದ, ಜೋರು ಮಳೆಗೆ ದೋಣಿಯೂ ನಿಲ್ಲುತ್ತದೆ. ಅಲ್ಲಿಗೆ ಕುದ್ರಿನವರು ಕುದ್ರಿನಲ್ಲಿ, ನಾವು ಇಲ್ಲಿ.

ಹೊನ್ನಪ್ಪಣ್ಣ ದೋಣಿ ಬಿಡುವ ಮೊದಲು ಆಕಾಶ ನೋಡುತ್ತಿರಲಿಲ್ಲ. ರಸ್ತೆಗೆ ಹೋಗಿ ಗುಂಡ್ಯದ ಕಡೆಯಿಂದ ಬರುವ ಬಸ್ಸನ್ನು ಕಾಯುತ್ತಿದ್ದ. "ಘಾಟಿಯಲ್ಲಿ ಮಳೆ ಉಂಟಾ?" ಎಂದು ಡ್ರೈವರನನ್ನು ಕೇಳುವುದು, ಉಂಟು ಎಂದರೆ ಆ ನೀರು ನಮ್ಮ ಹೊಳೆಗೆ ಇಳಿಯುವ ಮೊದಲೇ ದೋಣಿ ಕಟ್ಟಿ ಹಾಕುವುದು. ನಮ್ಮ ತಲೆಯ ಮೇಲೆ ಸುಡು ಬಿಸಿಲಿದ್ದಾಗಲೂ ಅವನು ಹೀಗೆ ಮಾಡಿದರೆ ನನಗೆ ಸಿಟ್ಟು ಬರುತ್ತಿತ್ತು. "ಬಿಸಿಲಲ್ಲಿ ಮುಳುಗಿಸ್ತೀರಾ ಮಾರಾಯ್ರೆ ನನ್ನನ್ನು?" ಎಂದು ಒಮ್ಮೆ ರೇಗಿದೆ. "ಸಿಸ್ಟರ್, ನೀವು ಮುಳುಗಿದರೆ ನನಗೆ ಎಂತ ಇಲ್ಲ, ಮೇಲಿನವರಿಗೆ ಉತ್ತರ ಕೊಡ್ಲಿಕ್ಕೆ ನನಗೆ ಕನ್ನಡ ಸರಿ ಬರುದಿಲ್ಲ" ಎಂದ. ಅವರು ತಮ್ಮೊಳಗೆ ತುಳು ಆಡುವವರು. ನನ್ನ ಜೊತೆ ಮಾತ್ರ ಕನ್ನಡ.

ಮೊದಲ ಸಲ ಶುಗರ್ ನೋಡಲು ಹೋದ ದಿನವನ್ನು ನೆನೆದರೆ ಈಗಲೂ ನಗು ಬರುತ್ತದೆ. ಆಗ ಬೆರಳು ಚುಚ್ಚಿ ರಕ್ತ ನೋಡುವ ಸಣ್ಣ ಮೆಷಿನು ನಮ್ಮ ಕೈಗೆ ಬಂದಿರಲಿಲ್ಲ. ಮೂತ್ರಕ್ಕೆ ನೀಲಿ ದ್ರಾವಣ ಹಾಕಿ ದೀಪದ ಮೇಲೆ ಕಾಯಿಸಿ ಬಣ್ಣ ನೋಡಬೇಕು. ದೊಡ್ಡವರೆಲ್ಲರ ಮೂತ್ರ ಬೇಕೆಂದು ಹಿಂದಿನ ದಿನವೇ ಹೇಳಿ ಕಳಿಸಿದ್ದೆ. ಮರುದಿನ ಒಂದೊಂದು ಮನೆಯಿಂದ ಒಂದೊಂದೇ ಬಾಟಲಿ ಬಂತು. "ಇದು ಯಾರದ್ದು?" ಎಂದು ಕೇಳಿದರೆ ಆ ಮನೆಯ ಹೆಂಗಸು, "ಎಲ್ಲರದ್ದೂ ಸಿಸ್ಟರ್. ಸ್ವಲ್ಪ ಸ್ವಲ್ಪ ಹಾಕಿದ್ದೇವೆ. ಒಂದೇ ಮನೆ ಅಲ್ವಾ, ಒಂದೇ ಸಲ ನೋಡಿದರೆ ನಿಮಗೂ ಸುಲಭ" ಎಂದಳು. ಕೇಂದ್ರಕ್ಕೆ ಬಂದು ಹೇಳಿದಾಗ ಎಲ್ಲರೂ ಹೊಟ್ಟೆ ಹಿಡಿದು ನಕ್ಕೆವು. ನಗುವುದು ಬಿಟ್ಟು ಬೇರೇನೂ ನಮಗೆ ತೋಚಲಿಲ್ಲ. ಆ ಬಾಟಲಿಯಲ್ಲಿ ಕುದ್ರಿನ ಇಡೀ ರೀತಿ ಇತ್ತು ಎಂದು ಈಗ ಅನಿಸುತ್ತದೆ.

ಆ ರೀತಿ ಏನೆಂದು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ದೋಣಿ ನಿಲ್ಲುವ ಮೊದಲು ಕುದ್ರಿನವರು ಅಕ್ಕಿ, ಉಪ್ಪು, ಎಣ್ಣೆ, ಒಣಮೀನು ಎಲ್ಲ ತಂದು ಅಪ್ಪಿಯಮ್ಮನ ಜಗಲಿಯಲ್ಲಿ ಇಡುತ್ತಿದ್ದರು. ಅಪ್ಪಿಯಮ್ಮ ಕುದ್ರಿನ ಹಿರಿಯ ಹೆಂಗಸು, ದಪ್ಪ ಕನ್ನಡಕ, ಬಾಯಿ ತುಂಬ ಎಲೆಯಡಿಕೆ. ಅವರು ಕೂತು ಪಾಲು ಮಾಡುವುದು. ತಂದವರು ಯಾರೇ ಇರಲಿ, ಮಳೆಗಾಲದ ನಡುವೆ ಒಂದು ಮನೆಯಲ್ಲಿ ಏನಾದರೂ ಮುಗಿದರೆ ಉಳಿದ ಮನೆಗಳು ತಮ್ಮದರಲ್ಲಿ ಪಾಲು ಕೊಡಲೇಬೇಕು. ಇಲ್ಲ ಎನ್ನುವುದು ಅಲ್ಲಿ ನಾಚಿಕೆಯ ಮಾತು. ಹೊಳೆಯ ನಡುವೆ ಹಾಗೆ ಬದುಕದೆ ಬೇರೆ ದಾರಿ ಇರಲಿಲ್ಲ.

ಇನ್ನು ಜಾನಕಿ. ಹೊನ್ನಪ್ಪಣ್ಣನ ಹೆಂಡತಿ. ಬೀಡಿ ಕಟ್ಟುವುದರಲ್ಲಿ ಅವಳ ಬೆರಳಿಗೆ ಸಮ ಯಾರೂ ಇರಲಿಲ್ಲ, ಬಾಯಿಯೂ ಅಷ್ಟೇ ಚುರುಕು. ಮೊದಲ ಸಲ ಅವಳ ತೋಳಿಗೆ ಪಟ್ಟಿ ಕಟ್ಟಿ ಗಾಳಿ ತುಂಬಿಸಿ ನೋಡಿದಾಗ ಪಾದರಸ ತುಂಬ ಮೇಲೆಯೇ ನಿಂತಿತು. ಎರಡನೇ ಸಲ ನೋಡಿದೆ, ಅಷ್ಟೇ ಇತ್ತು. ಅವಳ ಅಮ್ಮ ಚಾಪೆಯ ಮೇಲೆ ವರ್ಷಗಟ್ಟಲೆ ಬಿದ್ದಿದ್ದು ಸತ್ತವರು. ಆ ಚಾಪೆ ಎತ್ತಿದ್ದು, ಹಾಸಿದ್ದು, ಒಗೆದದ್ದು ಎಲ್ಲ ಜಾನಕಿಯೇ. "ನಿನ್ನ ಅಮ್ಮನಿಗೆ ತಾಗಿದ ಗಾಳಿ ಇದೇ" ಎಂದೆ. ಅವಳು ಬೀಡಿ ಎಲೆ ಕೆಳಗಿಟ್ಟಳು. "ಸಿಸ್ಟರ್, ನಾನು ಹಾಗೆ ಬೀಳಬಾರದು. ನನ್ನನ್ನು ಎತ್ತಲಿಕ್ಕೆ ನನ್ನಂಥವರು ಯಾರೂ ಇಲ್ಲ" ಎಂದಳು. ಬೀಳಲು ಬಿಡುವುದಿಲ್ಲ, ಮಾತ್ರೆ ಒಂದು ದಿನವೂ ತಪ್ಪಿಸಬೇಡ ಎಂದು ನಾನು ಮಾತು ಕೊಟ್ಟೆ. ಚಿಕ್ಕ ವಯಸ್ಸಿನ ನರ್ಸುಗಳು ಇಂಥ ಮಾತು ಬಹಳ ಬೇಗ ಕೊಡುತ್ತಾರೆ.

ಮಾತ್ರೆ ತಪ್ಪದಂತೆ ಮಾಡುವುದು ಹೇಗೆ? ನಿಯಮದಂತೆ ಒಬ್ಬರಿಗೆ ಒಂದು ತಿಂಗಳ ಮಾತ್ರೆ. ಆಟಿಯಲ್ಲಿ ಕುದ್ರಿಗೆ ಹೋಗುವವರು ಯಾರು? ನಮ್ಮ ವೈದ್ಯಾಧಿಕಾರಿ ಒಬ್ಬರು ಮುಂಗೋಪಿ ಮನುಷ್ಯ, ಸಹಿ ಹಾಕುವಾಗ ಪೆನ್ನನ್ನೂ ಬೈಯುವವರು. ಮಳೆಗಾಲ ಪೂರ್ತಿಗೆ ಸಾಕಾಗುವಷ್ಟು ಕೊಡಿ ಎಂದಾಗ, "ಅದೆಲ್ಲ ಆಗುವುದಿಲ್ಲ, ಅವರು ಒಟ್ಟಿಗೆ ತಿಂದರೆ ನಾನು ಜೈಲಿಗೆ" ಎಂದರು. ನಾನು ಜೂನಿನ ಒಂದು ದಿನ ಅವರನ್ನು ಹೇಗೋ ಹೊಳೆ ಬದಿಗೆ ಕರೆದುಕೊಂಡು ಹೋದೆ. ಕೆಂಪು ನೀರು ಮರದ ದಿಮ್ಮಿಗಳನ್ನು ಹೊತ್ತು ಹೋಗುತ್ತಿತ್ತು. ಅವರು ಕೊಡೆ ಹಿಡಿದು ನೋಡಿದರು. ಮರುದಿನ ಮಾತ್ರೆಗಳಿಗೆ ಸಹಿ ಹಾಕಿ, "ಇನ್ನು ಕುದ್ರಿನ ತಲೆನೋವು ನಿಮ್ಮದು, ನನ್ನದಲ್ಲ" ಎಂದರು. ಅವರು ಬೈದದ್ದೋ ಹೊಗಳಿದ್ದೋ ಎಂದು ಆಗ ಗೊತ್ತಾಗಲಿಲ್ಲ. ಅಂಥ ಮೇಲಧಿಕಾರಿ ಆಮೇಲೆ ನನಗೆ ಸಿಗಲಿಲ್ಲ.

ಆ ತಲೆನೋವನ್ನು ನಾನು ಬಹಳ ಪ್ರೀತಿಯಿಂದ ಹೊತ್ತೆ. ಜಾನಕಿಗೆ ಬಿಪಿ ನೋಡಲು ಕಲಿಸಿದೆ. ಪಾದರಸದ ಪೆಟ್ಟಿಗೆ ಹೋಗಿ ಬ್ಯಾಟರಿಯದ್ದು ಬಂದ ಮೇಲೆ ಒಂದನ್ನು ಅವಳ ಮನೆಯಲ್ಲೇ ಇಟ್ಟೆ. ದೋಣಿ ನಿಂತ ದಿನಗಳಲ್ಲಿ ಅವಳು ಮನೆಮನೆಗೆ ಹೋಗಿ ನೋಡಿ, ಸಿಗ್ನಲ್ ಸಿಗುವ ದಿಬ್ಬ ಹತ್ತಿ ನನಗೆ ಫೋನು ಮಾಡುತ್ತಿದ್ದಳು. ಒಂದು ಮಳೆಗಾಲ ಎಲ್ಲರ ಬಿಪಿಯೂ ಆಟಿಯಲ್ಲೇ ಏರುತ್ತದೆ ಎಂದು ಇಬ್ಬರಿಗೂ ಗೊತ್ತಾಯಿತು. ಕಾರಣ ಹುಡುಕಿದರೆ ಅದು ಉಪ್ಪಿನ ಭರಣಿಯಲ್ಲಿತ್ತು. ತರಕಾರಿ ಸಿಗದ ಆ ತಿಂಗಳುಗಳಲ್ಲಿ ಅವರು ತಿನ್ನುವುದು ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ನೀರು ಮಾವಿನಕಾಯಿ, ಒಣಮೀನು. ಉಪ್ಪು ಬಿಡಿ ಎಂದರೆ ಅವರು ತಿನ್ನುವುದಾದರೂ ಏನನ್ನು? ಸೊಳೆಯನ್ನು ನೀರು ಬದಲಿಸಿ ಬದಲಿಸಿ ನೆನೆಸುವುದು, ಜಾಸ್ತಿ ಹಲಸಿನ ಬೀಜ ತೆಗೆದಿಡುವುದು, ಕೆಸುವಿನ ಎಲೆ, ತಗಟೆ ಸೊಪ್ಪು ತಿನ್ನುವುದು ಎಂದು ಜಾನಕಿಯೇ ಹೆಂಗಸರನ್ನು ಕೂರಿಸಿ ಒಪ್ಪಿಸಿದಳು. ನಾನು ಹೇಳಿದ್ದರೆ ಅವರು ತಲೆಯಾಡಿಸಿ ಮರೆಯುತ್ತಿದ್ದರು.

ಹೀಗೆ ಕೆಲವು ಒಳ್ಳೆಯ ವರ್ಷಗಳು ಹೋದವು. ಕುದ್ರಿನಲ್ಲಿ ಹೊಸದಾಗಿ ಯಾರೂ ಚಾಪೆ ಹಿಡಿಯಲಿಲ್ಲ. ಆದರೂ ನನಗೆ ಒಂದು ಅಳುಕಿತ್ತು. ಪ್ರತಿಯೊಬ್ಬರ ಮಾತ್ರೆ ಅವರವರಿಗೆ ಸರಿಯಾಗಿ ಸಾಕು, ಒಂದೂ ಹೆಚ್ಚಿಲ್ಲ. ಮಳೆ ಉದ್ದ ಹೋದರೆ, ಮಾತ್ರೆ ಒದ್ದೆಯಾದರೆ ಏನು ಗತಿ? ಅಪ್ಪಿಯಮ್ಮನ ಮನೆಯಲ್ಲಿ ಕುದ್ರಿಗೆಂದು ಒಂದು ಡಬ್ಬಿ ಹೆಚ್ಚುವರಿ ಮಾತ್ರೆ ಇಡಲು ಬಿಡಿ ಎಂದು ಹೊಸದಾಗಿ ಬಂದ ವೈದ್ಯಾಧಿಕಾರಿಯನ್ನು ಕೇಳಿದೆ. ಇವರು ಮೆಲು ಮಾತಿನವರು. "ರೋಗಿಯ ಹೆಸರಿಲ್ಲದೆ ಮಾತ್ರೆ ಕೊಡುವುದಕ್ಕೆ ಅವಕಾಶ ಇಲ್ಲ ಸಿಸ್ಟರ್. ಕುದ್ರು ಅಂತ ಒಬ್ಬ ರೋಗಿ ಇದ್ದಾನಾ?" ಎಂದು ನಕ್ಕರು. ನಾನು ಮತ್ತೊಮ್ಮೆ ಕೇಳಿದೆ, ಮಗದೊಮ್ಮೆ ಕೇಳಿದೆ. ಅವರು ಪ್ರತಿಸಲ ಅಷ್ಟೇ ಸೌಜನ್ಯದಿಂದ ಇಲ್ಲ ಎಂದರು. ಬೈಯುವವರ ಜೊತೆ ಜಗಳ ಮಾಡಬಹುದು, ನಗುವವರ ಜೊತೆ ಏನು ಮಾಡುವುದು?

ಆ ವರ್ಷದ ಮಳೆ ನಿಲ್ಲಲೇ ಇಲ್ಲ. ಹೊಳೆ ದಂಡೆ ಮೀರಿ ಕುದ್ರಿನ ತಗ್ಗಿನ ಮನೆಗಳಿಗೆ ನೀರು ನುಗ್ಗಿತು. ಜನ ಅಪ್ಪಿಯಮ್ಮನ ಮನೆಗೆ ಹತ್ತಿ ಕೂತರು. ಜೀವಕ್ಕೆ ಏನೂ ಆಗಲಿಲ್ಲ ಎಂದು ತಿಳಿದಾಗ ನಾನು ದೇವರಿಗೆ ಕೈ ಮುಗಿದೆ. ಜಾನಕಿ ಫೋನು ಮಾಡುತ್ತಿದ್ದಳು. "ಎಲ್ಲರೂ ಇದ್ದೇವೆ ಸಿಸ್ಟರ್. ಬಿಪಿ ನೋಡ್ತಾ ಇದ್ದೇನೆ. ನೀವು ಈ ಕಡೆ ಬರುವ ಯೋಚನೆ ಮಾಡಬೇಡಿ, ಇವರು ದೋಣಿ ಬಿಡುದಿಲ್ಲ." "ಮಾತ್ರೆ ಉಂಟಾ?" ಎಂದು ನಾನು ಕೇಳುತ್ತಿದ್ದೆ. "ಉಂಟು, ಉಂಟು" ಎನ್ನುತ್ತಿದ್ದಳು. ಅವಳು ಸುಳ್ಳು ಹೇಳಲಿಲ್ಲ. ಮಾತ್ರೆ ಇತ್ತು, ಎಲ್ಲರಿಗೂ ಇತ್ತು. ಯಾರ ಮಾತ್ರೆ ಯಾರ ಹೊಟ್ಟೆಗೆ ಹೋಗುತ್ತಿದೆ ಎಂಬುದು ಮಾತ್ರ ಈಚೆ ದಡಕ್ಕೆ ಕಾಣುತ್ತಿರಲಿಲ್ಲ.

ನೀರು ಇಳಿಯತೊಡಗಿದ ಒಂದು ಬೆಳಿಗ್ಗೆ ಹೊನ್ನಪ್ಪಣ್ಣನ ಫೋನು ಬಂತು. ಅವನು ಹೇಳಿದ್ದು ಒಂದೇ ಮಾತು. "ಸಿಸ್ಟರ್, ಇವಳ ಬಾಯಿ ಒಂದು ಕಡೆಗೆ ಹೋಗಿದೆ." ಗುಂಡ್ಯದಲ್ಲಿ ಮಳೆ ಉಂಟೋ ಇಲ್ಲವೋ ಎಂದು ಅವತ್ತು ಅವನು ಯಾರನ್ನೂ ಕೇಳಲಿಲ್ಲ. ನಾನು ಆಂಬುಲೆನ್ಸ್ ಹಿಡಿದುಕೊಂಡು ಹೊಳೆ ಬದಿಗೆ ಹೋಗುವಾಗ ದೋಣಿ ನಡುನೀರಿನಲ್ಲಿತ್ತು. ಜಾನಕಿಯನ್ನು ಚಾಪೆಯಲ್ಲಿ ಮಲಗಿಸಿದ್ದರು. ಪುತ್ತೂರಿಗೆ, ಅಲ್ಲಿಂದ ಮಂಗಳೂರಿಗೆ ಹೋದೆವು. ಜೀವ ಉಳಿಯಿತು. ಬೀಡಿ ಕಟ್ಟುವ ಬಲಗೈ ಹೋಯಿತು, ಮಾತು ಹೋಯಿತು.

ಏನಾಯಿತೆಂದು ದಾರಿಯಲ್ಲಿ ಹೊನ್ನಪ್ಪಣ್ಣನೇ ಹೇಳಿದ. ನೀರು ನುಗ್ಗಿದ ಮನೆಗಳವರ ಮಾತ್ರೆಗಳು ಪೆಟ್ಟಿಗೆ ಸಮೇತ ತೇಲಿಹೋಗಿದ್ದವು. ಅಪ್ಪಿಯಮ್ಮನ ಜಗಲಿಯಲ್ಲಿ ಅಕ್ಕಿಯ ಜೊತೆ ಮಾತ್ರೆಯೂ ಪಾಲಾಯಿತು. ಮೊದಲು ಇದ್ದವರು ಅರ್ಧ ಮುರಿದು ಕೊಟ್ಟರು, ಆಮೇಲೆ ದಿನ ಬಿಟ್ಟು ದಿನ ತಿಂದರು. ಜಾನಕಿ ತನ್ನದನ್ನು ಪೂರ್ತಿ ಮುದುಕರಿಗೆ ಕೊಟ್ಟಳು. ತನಗಿಂತ ಅವರಿಗೆ ಹೆಚ್ಚು ಬೇಕು, ತನಗೆ ಏನೂ ಆಗುತ್ತಿಲ್ಲ ಎಂದಳಂತೆ. ದಿನಾ ಎಲ್ಲರ ತೋಳಿಗೂ ಪಟ್ಟಿ ಕಟ್ಟಿ ನೋಡುತ್ತಿದ್ದಳು, ತನ್ನ ತೋಳಿಗೆ ಕಟ್ಟಲಿಲ್ಲ. "ನಿನ್ನದೂ ಒಮ್ಮೆ ನೋಡು ಮಾರಾಯ್ತಿ ಅಂತ ನಾನು ಹೇಳಿದೆ ಸಿಸ್ಟರ್. ನೋಡಿದರೆ ಕೊಡ್ಲಿಕ್ಕೆ ಮನಸ್ಸು ಬರುದಿಲ್ಲ ಅಂದಳು." ಇಷ್ಟು ಹೇಳಿ ಅವನು ಕಿಟಕಿಯ ಕಡೆ ತಿರುಗಿ ಕೂತ. ಎಲ್ಲರೂ ಸ್ವಲ್ಪ ಸ್ವಲ್ಪ ತಿಂದಿದ್ದರು, ಯಾರಿಗೂ ಸಾಕಾಗುವಷ್ಟು ಆಗಿರಲಿಲ್ಲ. ಎಲ್ಲರಿಗಿಂತ ಹೆಚ್ಚು ಬಿಪಿ ಇದ್ದವಳು ಏನೂ ತಿನ್ನದೆ ಇದ್ದಳು.

ನನಗೆ ಬಂದ ಸಿಟ್ಟಿಗೆ ಲೆಕ್ಕವಿಲ್ಲ. ದಾಟಲು ಆದ ಮೊದಲ ದಿನವೇ ಅಪ್ಪಿಯಮ್ಮನ ಜಗಲಿಗೆ ಹೋಗಿ, "ಮಾತ್ರೆ ಎಂದರೆ ಅಕ್ಕಿಯಾ ಹಂಚಲಿಕ್ಕೆ? ನಿಮಗೆ ಇಷ್ಟು ವಯಸ್ಸಾಗಿ ಎಂತ ಬುದ್ಧಿ ಬಂದದ್ದು?" ಎಂದು ಬಾಯಿಗೆ ಬಂದಂತೆ ಬೈದೆ. ಸುತ್ತ ಕೂತವರು ತಲೆ ತಗ್ಗಿಸಿದರು. ಅಪ್ಪಿಯಮ್ಮ ಎಲೆಯಡಿಕೆ ಉಗುಳಿ ಬಂದು, ಬಾಯಿ ತೊಳೆದು ನನ್ನ ಎದುರು ಕೂತರು. "ಅಕ್ಕಿ ಇಲ್ಲದವರಿಗೆ ಅಕ್ಕಿ ಕೊಟ್ಟದ್ದು. ಮದ್ದು ಇಲ್ಲದವರಿಗೆ ಮದ್ದು ಕೊಟ್ಟದ್ದು. ಇವನ ಹತ್ತಿರ ಮದ್ದು ಉಂಟು, ಅವನ ಹತ್ತಿರ ಇಲ್ಲ, ಅವನು ನೋಡ್ತಾ ಕೂತಿದ್ದಾನೆ. ಆಗ ಎಂತ ಮಾಡುದು ಸಿಸ್ಟರ್? ನೀವೇ ಹೇಳಿ" ಎಂದರು. ನಾನು ಚೀಲ ಹೆಗಲಿಗೆ ಹಾಕಿಕೊಂಡು ದೋಣಿಯ ಕಡೆ ನಡೆದೆ. ಅವರು ಮರುವರ್ಷ ತೀರಿಕೊಂಡರು, ನನ್ನ ಬೈಗುಳ ಹಾಗೇ ಉಳಿಯಿತು.

ಜಾನಕಿ ಬಿದ್ದ ಸುದ್ದಿ ಮೇಲೆ ಹೋದ ಮೇಲೆ ಹೆಚ್ಚುವರಿ ಮಾತ್ರೆಗೆ ಒಪ್ಪಿಗೆ ಬಂತು. ಅದೇ ಮೆಲು ಮಾತಿನ ವೈದ್ಯಾಧಿಕಾರಿ ನನ್ನನ್ನು ಕರೆದು, "ಸಿಸ್ಟರ್, ನೀವು ಕೇಳಿದ್ದನ್ನು ಆಗಲೇ ಮಾಡಿಸಬೇಕಿತ್ತು" ಎಂದರು. ಈ ಸಲ ನಗಲಿಲ್ಲ. ನೀರು ತಾಗದ ಡಬ್ಬಿಯೊಂದನ್ನು ನಾನೇ ಹೊತ್ತುಕೊಂಡು ಹೋಗಿ ಅಪ್ಪಿಯಮ್ಮನ ಮನೆಯ ಅಟ್ಟದಲ್ಲಿ ಇಟ್ಟೆ. ಮುಂದಿನ ಮಳೆಗಾಲ ಅದರಿಂದಲೇ ನಡೆಯಿತು, ಯಾರೂ ಯಾರದನ್ನೂ ಮುರಿಯಬೇಕಾಗಲಿಲ್ಲ. ಅದು ಕಳೆದ ಮೇಲೆ ಸೇತುವೆಯ ಕೆಲಸ ಶುರುವಾಯಿತು. ಈಗ ಕುದ್ರಿಗೆ ಸ್ಕೂಟರು ಹೋಗುತ್ತದೆ. ಡಬ್ಬಿಯನ್ನು ಯಾರೋ ಮೆಣಸು ಹಾಕಲು ತೆಗೆದುಕೊಂಡಿದ್ದಾರೆ. ಒಂದು ವರ್ಷ ಮೊದಲು ಆ ಡಬ್ಬಿ ಅಲ್ಲಿದ್ದಿದ್ದರೆ ಎಂದು ನಾನು ಯೋಚಿಸದ ಮಳೆಗಾಲವಿಲ್ಲ. ಅದೇನೂ ದೊಡ್ಡ ಮದ್ದಲ್ಲ. ಉಪಕೇಂದ್ರದ ಕಪಾಟಿನಲ್ಲಿ ರಾಶಿ ಬಿದ್ದಿರುವ ಮಾತ್ರೆ.

ಬೆಳ್ಳಾರೆಯಲ್ಲಿ ಸಿಕ್ಕಿದ ಹುಡುಗಿಗೆ ನಾನು ಹೇಳಬೇಕೆಂದಿದ್ದದ್ದು ಇದು. ಬಿಪಿ ನೋಡುವುದನ್ನು ಈಗ ಮೆಷಿನೇ ಮಾಡುತ್ತದೆ. ಮಾತ್ರೆ ಕೊಟ್ಟ ಮೇಲೆ ಅಲ್ಲಿಯೇ ಸ್ವಲ್ಪ ಹೊತ್ತು ಕೂತುಕೋ. ಈ ಮನೆಯಲ್ಲಿ ಮತ್ತೆ ಯಾರಿಗೆ ತಲೆ ತಿರುಗುತ್ತದೆ, ಪಕ್ಕದ ಮನೆಯವರ ಮಾತ್ರೆ ಮುಗಿದಿದೆಯಾ ಎಂದು ಕೇಳು. "ಮಾತ್ರೆ ಉಂಟಾ?" ಎಂದು ಕೇಳಬೇಡ, "ಇವತ್ತು ನೀನು ತಿಂದೆಯಾ?" ಎಂದು ಕೇಳು. ಸೇತುವೆ ಬಂದರೂ ಜನ ಹಂಚಿಕೊಳ್ಳುವುದನ್ನು ಬಿಟ್ಟಿಲ್ಲ, ಬಿಡಬೇಕು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಅವರು ಹಂಚಿದರೂ ಎಲ್ಲರಿಗೂ ಸಾಕಾಗುವಷ್ಟು ಕೊಟ್ಟು ಬಾ. ಮೇಲಿನವರು ಇಲ್ಲ ಎಂದರೆ ಅವರನ್ನು ಹೊಳೆ ಬದಿಗೆ ಕರೆದುಕೊಂಡು ಹೋಗು.

ನಿವೃತ್ತಿಯಾದ ಮೇಲೆ ಒಮ್ಮೆ ಜಾನಕಿಯನ್ನು ನೋಡಲು ಹೋದೆ. ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು. ನನ್ನನ್ನು ಕಂಡು ಅರ್ಧ ಮುಖದಲ್ಲಿ ನಕ್ಕಳು. ಅವಳ ಬಾಯಲ್ಲಿ ಈಗ ಉಳಿದಿರುವುದು ಒಂದೇ ಮಾತು, "ತಕೊಳ್ಳಿ." ಬಂದವರಿಗೆ ಎಲೆಯಡಿಕೆಯ ತಟ್ಟೆ ದೂಡುವಾಗಲೂ ಅದೇ, ಗಂಡನ ಮೇಲೆ ಸಿಟ್ಟು ಬಂದಾಗಲೂ ಅದೇ, ಅಳುವಾಗಲೂ ಅದೇ. ಹೊನ್ನಪ್ಪಣ್ಣ ಅವಳನ್ನು ಎತ್ತುವುದು, ಮೀಯಿಸುವುದು ಎಲ್ಲ ಕಲಿತಿದ್ದಾನೆ. ಎತ್ತಲಿಕ್ಕೆ ಯಾರೂ ಇಲ್ಲ ಎಂದು ಅವಳು ಅಂದದ್ದು ಮಾತ್ರ ಸುಳ್ಳಾಯಿತು, ಅಷ್ಟೇ ನನಗಿರುವ ಸಮಾಧಾನ.

ಚಾ ಕುಡಿಯುತ್ತಾ ಕೂತಿರುವಾಗ ಹೊನ್ನಪ್ಪಣ್ಣ, "ಸಿಸ್ಟರ್, ನಿಮ್ಮ ಆರೋಗ್ಯ ಹೇಗುಂಟು?" ಎಂದು ಕೇಳಿದ. "ನನಗೂ ಬಿಪಿ ಬಂತು ಮಾರಾಯ್ರೆ. ಇವತ್ತು ಗಡಿಬಿಡಿಯಲ್ಲಿ ಮಾತ್ರೆ ಮನೆಯಲ್ಲೇ ಬಿಟ್ಟು ಬಂದೆ, ಹೋಗಿ ತಿನ್ನಬೇಕು" ಎಂದು ನಗುತ್ತಾ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಜಾನಕಿಯ ಎಡಗೈ ಪಕ್ಕದಲ್ಲಿದ್ದ ತಲೆದಿಂಬಿನ ಕೆಳಗೆ ಹೋಗಿ ಅವಳ ಮಾತ್ರೆಯ ಪಟ್ಟಿಯನ್ನು ಎಳೆದು ತಂದಿತು. ನನ್ನ ಕಡೆ ದೂಡಿ, "ತಕೊಳ್ಳಿ" ಎಂದಳು. "ಇವಳು ಇವತ್ತು ತಿಂದಳಾ?" ಎಂದು ಕೇಳಿದೆ, ಇಲ್ಲ ಎಂದು ಹೊನ್ನಪ್ಪಣ್ಣ ತಲೆಯಾಡಿಸಿದ. ಒಂದು ಮಾತ್ರೆ ಬಿಡಿಸಿ ಅವಳ ಬಾಯಿಗೇ ಹಾಕಿದೆ, ನೀರು ಕುಡಿಸಿದೆ, ನುಂಗಿದ್ದನ್ನು ನೋಡಿದೆ. ಅವಳು ತುಟಿ ಒರೆಸಿಕೊಂಡು, ಉಳಿದ ಪಟ್ಟಿಯನ್ನು ಮತ್ತೆ ನನ್ನ ಕಡೆಗೆ ದೂಡಿ, "ತಕೊಳ್ಳಿ" ಎಂದಳು.